ಹದಿನೈದು ಸೆಕೆಂಡಿನ ಬಣ್ಣ

ಬಟ್ಟೆ ಒಣಹಾಕುವಾಗ ಬಳಸುವ ಕ್ಲಿಪ್ಪು ಎಷ್ಟು ಚಿಕ್ಕ ವಸ್ತುವನ್ನು ಹಿಡಿಯಬಲ್ಲದು ಎಂದು ನೀವು ಎಂದಾದರೂ ಯೋಚಿಸಿದ್ದೀರೋ ಇಲ್ಲವೋ ನಾನರಿಯೆ. ನನ್ನ ಅನುಭವದಲ್ಲಿ ಅದು ಬೆಂಕಿಕಡ್ಡಿಗಿಂತ ತುಸು ಅಗಲವಾದ, ಬೆರಳುದ್ದದ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಗಾಳಿಗೆ ಬೀಳದಂತೆ ಕಾಲು ಗಂಟೆ ಹಿಡಿದುಕೊಳ್ಳಬಲ್ಲದು. ಕೊಯಮತ್ತೂರಿನ ಗಣಪತಿ ಬಡಾವಣೆಯಲ್ಲಿ ನಾವು ಬಾಡಿಗೆಗಿದ್ದ ಮಹಡಿಮನೆಯ ಉತ್ತರದ ಕಿಟಕಿಯಲ್ಲಿ ಒಂದು ಹಸಿರು ಕ್ಲಿಪ್ಪು ಸುಮಾರು ಎರಡು ತಿಂಗಳು ಪ್ರತಿ ಬೆಳಿಗ್ಗೆ ಈ ಸೇವೆಯನ್ನು ನಿಷ್ಠೆಯಿಂದ ಸಲ್ಲಿಸಿತು. ಪಟ್ಟಿಯ ತುದಿಯಲ್ಲಿದ್ದ ಪುಟ್ಟ ಚೌಕ ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದರ ಮೇಲೆ ಆ ದಿನದ ನನ್ನ ಮನೋಧರ್ಮ, ಹೆಂಡತಿಯೊಡನೆ ನನ್ನ ಮಾತಿನ ಧಾಟಿ, ಕಾರ್ಖಾನೆಯ ಅಂಗಳದಲ್ಲಿ ನನ್ನ ನಡಿಗೆಯ ಠೀವಿ ಎಲ್ಲವೂ ನಿಂತಿದ್ದವು.

ವಿಷಯ ಇಷ್ಟು. ನಾನು ದಾವಣಗೆರೆಯವನು, ಬೆಣ್ಣೆದೋಸೆಯ ಸಹವಾಸದಲ್ಲಿ ಬೆಳೆದವನು. ಹೊಟ್ಟೆಪಾಡಿಗಾಗಿ ಈ ಊರಿನ ಪಂಪು ತಯಾರಿಸುವ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗಕ್ಕೆ ಬಂದು ಸೇರಿದವನು. ಆ ವರ್ಷದ ಆರೋಗ್ಯ ತಪಾಸಣೆಯಲ್ಲಿ ಕಾರ್ಖಾನೆಯ ಡಾಕ್ಟರು ನನ್ನ ವರದಿಯನ್ನು ಎರಡು ಸಲ ಓದಿ, ನಿಮ್ಮ ಸಕ್ಕರೆ ಕಾಂಪೌಂಡು ಗೋಡೆಯ ಮೇಲೆ ಕೂತಿದೆ, ಯಾವ ಕಡೆ ಇಳಿಯುತ್ತದೆ ಎಂಬುದು ನಿಮ್ಮ ಕೈಯಲ್ಲಿದೆ, ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ನನ್ನ ದೊಡ್ಡಪ್ಪ ಇದೇ ಸಕ್ಕರೆಗೆ ಕಣ್ಣು ಕೊಟ್ಟವರು. ಹಾಗಾಗಿ ನಾನು ಬೇರೆಲ್ಲದಕ್ಕೂ ನಗುವವನಾದರೂ ಈ ಮಾತಿಗೆ ನಗಲಿಲ್ಲ, ಹೆದರಿದೆ. ಹೆದರಿಕೆಯನ್ನು ಉತ್ಸಾಹವನ್ನಾಗಿ ಪರಿವರ್ತಿಸುವುದು ನನ್ನ ಹಳೆಯ ಚಾಳಿ.

ಅವು ಕಂಪ್ಯೂಟರನ್ನು ನೋಡಲು ಪರದೆ ಕಟ್ಟಿದ ಗೂಡಿನೊಳಗೆ ಕೂರಬೇಕಾಗಿದ್ದ ದಿನಗಳು. ಬೀದಿ ಕೊನೆಯ ಬ್ರೌಸಿಂಗ್ ಸೆಂಟರಿನಲ್ಲಿ ಮೂರು ಸಂಜೆ ತಪಸ್ಸು ಮಾಡಿ, ಅನ್ನ, ಗೋಧಿ, ಸಕ್ಕರೆ, ಆಲೂಗಡ್ಡೆಗಳನ್ನು ಸಮೂಲ ಪರಿತ್ಯಜಿಸಿ ತುಪ್ಪ, ಮೊಟ್ಟೆ, ಪನೀರು, ತೆಂಗಿನಕಾಯಿಗಳನ್ನು ಆಶ್ರಯಿಸುವ ಒಂದು ಪಥ್ಯಕ್ರಮವನ್ನು ಹನ್ನೊಂದು ಪುಟಗಳಲ್ಲಿ ಮುದ್ರಿಸಿಕೊಂಡು ಬಂದೆ. ಪಿಷ್ಟದ ಸರಬರಾಜು ನಿಂತಾಗ ದೇಹವು ಅನಿವಾರ್ಯವಾಗಿ ತನ್ನದೇ ಕೊಬ್ಬನ್ನು ಉರಿಸಲು ತೊಡಗುತ್ತದಂತೆ. ಆ ಉರಿಯ ಶೇಷವಾದ ಕೀಟೋನು ಮೂತ್ರದಲ್ಲಿ ಹೊರಬರುತ್ತದಂತೆ. ಅದಕ್ಕೊಂದು ಪಟ್ಟಿ ಸಿಗುತ್ತದಂತೆ, ಅದ್ದಿ ತೆಗೆದರೆ ಚೌಕವು ಬಾದಾಮಿ ಹಾಲಿನ ಬಣ್ಣದಿಂದ ಗುಲಾಬಿಗೆ, ಗುಲಾಬಿಯಿಂದ ಕಡುನೇರಳೆಗೆ ತಿರುಗುತ್ತದಂತೆ. ದಿನವಿಡೀ ಪಂಪಿಗೆ ಗೇಜು ಕಟ್ಟಿ ಒತ್ತಡ ಓದುವ ನನಗೆ, ನನ್ನ ಹೊಟ್ಟೆಗೂ ಒಂದು ಗೇಜು ಉಂಟೆಂಬ ಸುದ್ದಿ ಎಷ್ಟು ಹರ್ಷ ಕೊಟ್ಟಿತೆಂದರೆ ಹನ್ನೊಂದನೆಯ ಪುಟವನ್ನು ಓದುವ ತಾಳ್ಮೆಯೇ ಉಳಿಯಲಿಲ್ಲ.

ಇಡ್ಲಿಯ ಹಬೆಯಿಂದಲೇ ಬೆಳಗಾಗುವ ಊರಿನಲ್ಲಿ ಇಂಥ ವ್ರತ ಹಿಡಿಯುವುದು ಎಷ್ಟು ಕಷ್ಟ ಎಂಬುದನ್ನು ವರ್ಣಿಸಿ ನಿಮ್ಮ ಬಾಯಲ್ಲಿ ನೀರೂರಿಸುವುದಿಲ್ಲ. ಬೆಳಿಗ್ಗೆ ತೆಂಗಿನೆಣ್ಣೆಯಲ್ಲಿ ಹುರಿದ ಮೊಟ್ಟೆ, ಮಧ್ಯಾಹ್ನ ಡಬ್ಬಿಯಲ್ಲಿ ಎಲೆಕೋಸಿನ ಪಲ್ಯವನ್ನೇ ಅನ್ನವೆಂದು ಭಾವಿಸಿ ಅದರ ಮೇಲೆ ಹುಳಿ ಸುರಿದುಕೊಳ್ಳುವ ಆತ್ಮವಂಚನೆ, ಸಂಜೆ ಕೊಬ್ಬರಿ ಚೂರು. ನನ್ನ ಹೆಂಡತಿ ವಸಂತಿ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಸಾಧನೆ ಸಿದ್ಧವಾಗುವವರೆಗೆ ಅಭಿಪ್ರಾಯ ಹೇಳದಿರುವುದು ಅವಳ ವೃತ್ತಿಧರ್ಮ. ಅವಳು ಎಲೆಕೋಸು ಹೆಚ್ಚುತ್ತ ಹೋದಳು.

ನಾಲ್ಕನೆಯ ದಿನ ಔಷಧದಂಗಡಿಯಿಂದ ಪಟ್ಟಿಗಳ ಸೀಸೆ ತಂದೆ. ಮರುದಿನ ಬೆಳಿಗ್ಗೆ ಬಚ್ಚಲಿನ ಹಳದಿ ಬಲ್ಬಿನ ಕೆಳಗೆ ಚೌಕದ ಬಣ್ಣವನ್ನೂ ಸೀಸೆಯ ಮೇಲೆ ಅಚ್ಚಾಗಿದ್ದ ಆರು ಬಣ್ಣಗಳನ್ನೂ ಹೋಲಿಸಲು ಹೋಗಿ ಸೋತೆ. ನನ್ನ ಪ್ರಪಂಚದಲ್ಲಿರುವುದು ಎರಡೇ ಬಣ್ಣ, ಒಂದು ತುಕ್ಕು, ಇನ್ನೊಂದು ತುಕ್ಕು ಮುಚ್ಚಲು ಬಳಿಯುವ ಬಣ್ಣ. ಆಗ ನೆನಪಾದದ್ದು ಕೆಳಗಿನ ಮನೆಯ ಸೌಡಪ್ಪಣ್ಣ.

ಸೌಡಪ್ಪಣ್ಣ ನಮ್ಮ ಮನೆಯ ಮಾಲೀಕರು. ಅವರ ಹಿರಿಯರು ಯಾವ ಕಾಲದಲ್ಲೋ ಮಗ್ಗ ಹೊತ್ತುಕೊಂಡು ಕನ್ನಡದ ಸೀಮೆಯಿಂದ ಇತ್ತ ಬಂದವರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಓದುಬರಹವೆಲ್ಲ ತಮಿಳಿನಲ್ಲೇ. ಮಗ್ಗ ಅವರ ತಂದೆಯ ಕಾಲಕ್ಕೇ ನಿಂತಿತ್ತು. ಇವರು ಮೂವತ್ತು ವರ್ಷಗಳಿಂದ ದಿನವೂ ಬಸ್ಸು ಹಿಡಿದು ತಿರುಪ್ಪೂರಿಗೆ ಹೋಗಿ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಸಾಯಪಟ್ಟರೆಯೊಂದರಲ್ಲಿ ಡೈಯಿಂಗ್ ಮಾಸ್ಟರಾಗಿದ್ದರು. ಸಾಯವೆಂದರೆ ಬಟ್ಟೆಯ ಬಣ್ಣ, ಪಟ್ಟರೆಯೆಂದರೆ ಕಾರ್ಖಾನೆ. ವಿದೇಶದ ಗಿರಾಕಿ ಕಳಿಸಿದ ಚಿಂದಿಯ ಬಣ್ಣಕ್ಕೂ ತಮ್ಮ ತೊಟ್ಟಿಯಲ್ಲಿ ಬೆಂದ ಬಟ್ಟೆಯ ಬಣ್ಣಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವರ ಕಣ್ಣು ಹಿಡಿಯುತ್ತಿತ್ತು.

ಅವರನ್ನು ಮೇಲೆ ಕರೆದು ಪಟ್ಟಿಯನ್ನು ಕೈಗಿತ್ತೆ, ಅದು ಏನೆಂಬುದನ್ನು ಮಾತ್ರ ಹೇಳಲಿಲ್ಲ. ಸಂಕೋಚವೆಂದು ನೀವು ಕರೆಯಬಹುದು, ಹೇಡಿತನವೆಂದು ವಸಂತಿ ಎಷ್ಟೋ ದಿನದ ಮೇಲೆ ಕರೆದಳು. ಅವರು ಅದನ್ನು ನನ್ನ ಕಾರ್ಖಾನೆಯ ಯಾವುದೋ ಸ್ಯಾಂಪಲ್ಲೆಂದು ಬಗೆದು, ಹೆಬ್ಬೆರಳಿನಿಂದ ಚೌಕವನ್ನು ಒತ್ತಿ ನೋಡಿ, ಉತ್ತರದ ಬೆಳಕಿಗೆ ಹಿಡಿದು, ವೃತ್ತಿಯ ಅಭ್ಯಾಸಬಲದಿಂದ ಮೂಗಿನ ಹತ್ತಿರಕ್ಕೂ ಒಯ್ದರು. ನಾನು ಗೋಡೆಯ ಕ್ಯಾಲೆಂಡರನ್ನು ನೋಡುತ್ತ ನಿಂತೆ.

“ಸಾರು, ಇದು ಇನ್ನೂ ಈರ ಇದೆಯಲ್ಲಿಂಗ,” ಎಂದರು. “ಈರ ಇರೋ ಸಾಯನ ಯಾರಾದ್ರೂ ನಂಬ್ತಾರಾ? ಒದ್ದೆ ಇದ್ರೆ ಎಲ್ಲಾ ಬಣ್ಣನೂ ಸುಳ್ಳು ಹೇಳ್ತದೆ. ಕಾಯಲಿ, ಅಪ್ಪುರ ನೋಡನ.”

ಕಾಯುವುದು ಅಂದರೆ ಅವರ ಮಾತಿನಲ್ಲಿ ಒಣಗುವುದು, ಅಪ್ಪುರವೆಂದರೆ ಆಮೇಲೆ. ಬಣ್ಣದ ಕಸುಬಿನ ಮೊದಲ ಪಾಠವೇ ಅದಂತೆ: ತೊಟ್ಟಿಯಿಂದ ತೆಗೆದ ತುಂಡನ್ನು ಹಿಂಡಿ, ಪೂರ್ತಿ ಒಣಗಿಸಿ, ಉತ್ತರ ದಿಕ್ಕಿನ ಬೆಳಕಿನಲ್ಲಿ ನೋಡದ ಹೊರತು ಯಾವ ಮಾಸ್ಟರೂ ಬಾಯಿ ಬಿಡಕೂಡದು. ಅವರೇ ಹಸಿರು ಕ್ಲಿಪ್ಪೊಂದನ್ನು ತಂದು ಕಿಟಕಿಗೆ ದಾರ ಕಟ್ಟಿ ಪಟ್ಟಿಯನ್ನು ತೂಗಿಹಾಕಿದರು. ಕಾಲು ಗಂಟೆಯ ನಂತರ ನೋಡಿದರೆ, ನನ್ನ ಕಣ್ಣೇ ನಂಬದಂತೆ, ತೆಳುಗುಲಾಬಿಯಾಗಿದ್ದ ಚೌಕ ಬಲಿತ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಸೀಸೆಯ ಮೇಲಿನ ಆರು ಬಣ್ಣಗಳಲ್ಲಿ ಅದು ಐದನೆಯದು. ಸಂತೋಷ ತಡೆಯಲಾರದೆ ನಾನು ನಿಜ ಹೇಳಿಬಿಟ್ಟೆ.

ಸೌಡಪ್ಪಣ್ಣ ತಮ್ಮ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡರು, ನನ್ನನ್ನೊಮ್ಮೆ ನೋಡಿದರು. “ಬಿಡಿಂಗ ಸಾರು,” ಎಂದರು ಕೊನೆಗೆ. “ಪಟ್ಟರೇಲಿ ನಾನು ಕೈ ಇಟ್ಟಿರೋ ತಣ್ಣಿ ಮುಂದೆ ಇದು ಗಂಗಾಜಲ.” ಹಾಗೆಂದವರು ಕೆಳಗೆ ಹೋಗಿ ಸೋಪು ಹಚ್ಚಿ ಎರಡು ಸಲ ಕೈ ತೊಳೆದದ್ದು ಮೆಟ್ಟಿಲ ಮೇಲಿನಿಂದ ನನಗೆ ಕೇಳಿಸಿತು.

ಅಲ್ಲಿಂದ ಮುಂದಿನ ದಿನಗಳನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಬೆಳಿಗ್ಗೆ ಆರಕ್ಕೆ ಪಟ್ಟಿ ಕ್ಲಿಪ್ಪಿಗೇರುತ್ತಿತ್ತು. ಬಸ್ಸಿಗೆ ಹೊರಡುವ ಮುನ್ನ ಸೌಡಪ್ಪಣ್ಣ ಮೇಲೆ ಬಂದು, ಕೈ ಬೆನ್ನ ಹಿಂದೆ ಕಟ್ಟಿಕೊಂಡು (ಆ ವಿಷಯದಲ್ಲಿ ಅವರು ಜಾಗರೂಕರಾಗಿದ್ದರು), ಒಣಗಿದ ಚೌಕವನ್ನು ನೋಡಿ ತೀರ್ಪು ಕೊಡುತ್ತಿದ್ದರು. ಸೀಸೆಯ ಇಂಗ್ಲಿಷು ಅವರಿಗೆ ಒಗ್ಗದು, ನನ್ನ ಕನ್ನಡ ಲಿಪಿ ಅವರಿಗೆ ಬಾರದು. ಆದ್ದರಿಂದ ಬಣ್ಣಗಳಿಗೆ ಅವರೇ ಹೆಸರಿಟ್ಟರು, ನಾನು ಬರೆದುಕೊಂಡೆ. ಬದನೆಕಾಯಿ, ಬೀಟ್‌ರೂಟ್ ತೊಳೆದ ನೀರು, ನೇರಳೆಹಣ್ಣು ತಿಂದ ನಾಲಿಗೆ, ಹಳೇ ರೇಷ್ಮೆ ಅಂಚು. ‘ಇಂದು ನೇರಳೆಹಣ್ಣು ತಿಂದ ನಾಲಿಗೆ’ ಎಂದು ದಿನಚರಿಯಲ್ಲಿ ಬರೆದ ದಿನ ನಾನು ಕಾರ್ಖಾನೆಗೆ ನಡೆದುಕೊಂಡೇ ಹೋದೆ, ದಾರಿಯಲ್ಲಿ ಸಿಕ್ಕ ಇಬ್ಬರು ಸಹೋದ್ಯೋಗಿಗಳಿಗೆ ಕೊಬ್ಬಿನ ದಹನಕ್ರಿಯೆಯನ್ನು ವಿವರಿಸಿದೆ. ಇಬ್ಬರೂ ಮರುದಿನದಿಂದ ಬೇರೆ ದಾರಿಯಲ್ಲಿ ಬರತೊಡಗಿದರು.

ಸೀಸೆಯ ಮೇಲೆ ‘ಹದಿನೈದು ಸೆಕೆಂಡಿಗೆ ಓದಿ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅದನ್ನು ನಾನು ಓದಿಯೂ ಇದ್ದೆ. ಸೌಡಪ್ಪಣ್ಣನಿಗೆ ಹೇಳಿದ್ದಕ್ಕೆ ಅವರು, ಹದಿನೈದು ಸೆಕೆಂಡಿನಲ್ಲಿ ಯಾವ ಸಾಯವೂ ಕೂರುವುದಿಲ್ಲ, ಸೀಸೆ ಮಾಡಿದವನಿಗೆ ಕಸುಬು ಗೊತ್ತಿಲ್ಲ ಎಂದು ತಳ್ಳಿಹಾಕಿದ್ದರು. ನಾನೂ ಒಪ್ಪಿದೆ. ಎರಡು ಪರೀಕ್ಷಾಕ್ರಮಗಳಿದ್ದು ಒಂದು ಹೆಚ್ಚು ಅಂಕ ಕೊಡುತ್ತಿದ್ದರೆ, ಅದೇ ವೈಜ್ಞಾನಿಕವೆಂದು ನಂಬುವುದು ವಿದ್ಯಾರ್ಥಿಯ ಸಹಜ ಧರ್ಮವಲ್ಲವೇ. ಕಾರ್ಖಾನೆಯಲ್ಲಿ ಗೇಜು ಓದಲು ಎರಡು ನಿಮಿಷ ತಡಮಾಡಿದ ಹುಡುಗರನ್ನು ಗದರುತ್ತಿದ್ದವನೂ ನಾನೇ.

ಈ ವೈಭವದ ನಡುವೆ ಒಂದೇ ಕಿರಿಕಿರಿ. ಪಥ್ಯ ಮಾಡುತ್ತಿದ್ದವನು ನಾನು, ಸಣ್ಣಗಾಗುತ್ತಿದ್ದವರು ಸೌಡಪ್ಪಣ್ಣ. ನನ್ನ ಬೆಲ್ಟು ಹಳೆಯ ತೂತಿನಲ್ಲೇ ಹಟ ಹಿಡಿದು ಕೂತಿತ್ತು. ಮೂರು ಹೊತ್ತೂ ಅನ್ನ ಉಣ್ಣುವ ಆ ಮನುಷ್ಯರ ಅಂಗಿ ಹೆಗಲಿನಿಂದ ಜಾರುತ್ತಿತ್ತು. ಸಾಲದ್ದಕ್ಕೆ ಅವರು ಹತ್ತಿರ ಬಂದು ಮಾತಾಡಿದಾಗಲೆಲ್ಲ ಮಾಗಿದ ಬಾಳೆಹಣ್ಣಿನ ಸಿಹಿ ವಾಸನೆ ಬರುತ್ತಿತ್ತು. ಅವರ ಹೆಂಡತಿ ನಾಗಕ್ಕನ ತವರು ಕಾರಮಡೈ. ಅಲ್ಲಿಂದ ಗೊನೆಗಟ್ಟಲೆ ಬಾಳೆ ಬರುವುದು ನನಗೆ ಗೊತ್ತಿತ್ತು. ಬೆಳಗಾಗುವ ಮೊದಲೇ ಬಾಳೆಹಣ್ಣು ತಿಂದೂ ಸಣ್ಣಗಾಗುವ ಇವರ ಪುಣ್ಯ ಯಾವುದಿರಬಹುದು ಎಂದು ನಾನು ನಿಜವಾಗಿಯೂ ಹೊಟ್ಟೆ ಉರಿದುಕೊಂಡೆ. ಪಥ್ಯದಲ್ಲಿರುವವನ ಹೊಟ್ಟೆಯಲ್ಲಿ ಉರಿಯಲು ಬೇರೇನೂ ಇರುವುದಿಲ್ಲ.

ಎರಡು ತಿಂಗಳಾಗುತ್ತ ಬಂದ ಒಂದು ಭಾನುವಾರ ವಸಂತಿ ತನ್ನ ಮೌನವನ್ನು ಮುರಿದಳು. ತೂಕದ ಯಂತ್ರ ಒಂದು ಹೇಳುತ್ತಿದೆ, ಕ್ಲಿಪ್ಪು ಇನ್ನೊಂದು ಹೇಳುತ್ತಿದೆ, ಎರಡೂ ಸರಿಯಿರಲು ಸಾಧ್ಯವಿಲ್ಲ ಎಂದು ಹೇಳಿ, ಕೈಗಡಿಯಾರ ಬಿಚ್ಚಿಕೊಂಡು ಬಚ್ಚಲಿನ ಬಾಗಿಲಲ್ಲಿ ನಿಂತಳು. ಹದಿನೈದು ಸೆಕೆಂಡಿಗೆ ಸರಿಯಾಗಿ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆವು. ಚೌಕದ ಮೇಲೆ ಗುಲಾಬಿಯ ಒಂದು ಸಂಶಯವಿತ್ತು, ಅಷ್ಟೇ. ಅದನ್ನೇ ಕ್ಲಿಪ್ಪಿಗೆ ಹಾಕಿದೆವು. ಕಾಲು ಗಂಟೆಗೆ ಅದು ತಾನಾಗಿ ಕಪ್ಪಿಟ್ಟು ಬದನೆಕಾಯಿಯಾಯಿತು. ಎರಡು ತಿಂಗಳು ನಾನು ಹೆಮ್ಮೆಪಟ್ಟದ್ದು ನನ್ನ ಕೊಬ್ಬು ಕರಗಿದ್ದಕ್ಕಲ್ಲ, ರಸಾಯನವೊಂದು ಗಾಳಿಯಲ್ಲಿ ಹಳತಾದದ್ದಕ್ಕೆ. ಸಂಜೆ ನಾನು ಕಾರ್ಖಾನೆಯಿಂದ ಬರುವಾಗ ನಾಗಕ್ಕ ರುಚಿ ನೋಡಲು ಕೊಡುತ್ತಿದ್ದ ಅಕ್ಕಿಹಿಟ್ಟಿನ ಮುರುಕನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ ಎಂಬುದನ್ನೂ ಆ ಗಳಿಗೆಯಲ್ಲೇ ಒಪ್ಪಿಕೊಂಡೆ. ವಸಂತಿ ನಗಲಿಲ್ಲ, ಅದು ಇನ್ನೂ ಹೆಚ್ಚು ಚುಚ್ಚಿತು.

ಸುದ್ದಿ ಕೆಳಗೆ ತಲುಪಿದಾಗ ಸೌಡಪ್ಪಣ್ಣ ಬಹಳ ನೊಂದರು. ಮೂವತ್ತು ವರ್ಷದ ಕಣ್ಣನ್ನು ಹೆಂಗಸೊಬ್ಬಳ ಕೈಗಡಿಯಾರ ಸುಳ್ಳು ಮಾಡಿತೆಂಬುದನ್ನು ಅವರು ಒಪ್ಪಲು ಸಿದ್ಧರಿರಲಿಲ್ಲ. ಮೆಟ್ಟಿಲು ಹತ್ತಿ ಬಂದವರು ಎಂದೂ ಇಲ್ಲದಂತೆ ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕೂತು, ಎರಡು ಲೋಟ ನೀರು ಕೇಳಿ ಕುಡಿದು, ತಪ್ಪು ಬಾಟಲಿಯದೇ ಎಂದು ವಾದಿಸಿದರು.

“ಬಿಳಿತುಂಡು ಪಕ್ಕದಲ್ಲಿ ಇಲ್ಲದೆ ಶೇಡ್ ನೋಡೋದು ತಪ್ಪುಂಗ,” ಎಂದರು. ಬಣ್ಣ ಕಾಣದ ಬಟ್ಟೆಯ ತುಂಡೊಂದನ್ನು ಹೋಲಿಕೆಗೆಂದು ಜೊತೆಗಿಟ್ಟುಕೊಳ್ಳುವುದು ಅವರ ಕಸುಬಿನ ಕ್ರಮ. “ನಾನೇ ಬಿಳಿತುಂಡು. ಮೂರು ಹೊತ್ತೂ ಸೋರು ತಿನ್ನೋನು. ನನ್ನ ಪಟ್ಟಿ ಹಾಗೇ ಇದ್ರೆ ನಿಮ್ಮ ಬಾಟ್ಲಿ ಒಳ್ಳೇದು. ಕಲರ್ ಬಂತೂಂದ್ರೆ ಬಾಟ್ಲಿ ಕೆಟ್ಟಿದೆ. ಗಡಿಯಾರ ಬೇಕಾದ್ರೆ ಅಮ್ಮಿಣಿನೇ ಹಿಡೀಲಿ.”

ಸೋರೆಂದರೆ ಅನ್ನ, ಅಮ್ಮಿಣಿ ಎಂದರೆ ವಸಂತಿ. ಅವರಿಗಿಂತ ಕಿರಿಯ ಹೆಂಗಸರೆಲ್ಲ ಅವರಿಗೆ ಅಮ್ಮಿಣಿಯೇ. ಅವಳು ಗಡಿಯಾರ ಹಿಡಿದಳು. ಅವರು ಬಚ್ಚಲಿಗೆ ಹೋಗಿ ಬಂದು ಪಟ್ಟಿಯನ್ನು ಬೆಳಕಿಗೆ ಒಡ್ಡಿದರು. ಅವಳು ಎಂಟು ಎನ್ನುವಷ್ಟರಲ್ಲಿ ಚೌಕ ಗುಲಾಬಿಯನ್ನು ದಾಟಿತ್ತು, ಹದಿನೈದು ಎನ್ನುವಾಗ ಸೀಸೆಯ ಆರನೆಯ ಬಣ್ಣಕ್ಕೆ ಬಂದು ನಿಂತಿತ್ತು. ನಾನು ಎರಡು ತಿಂಗಳು ಎಲೆಕೋಸು ತಿಂದೂ ಕಾಣದಿದ್ದ ಕಡುನೇರಳೆ ಅದು, ಒಣಗಿಸುವ ಅಗತ್ಯವೇ ಇಲ್ಲದ್ದು.

ಸೌಡಪ್ಪಣ್ಣ ಗೆದ್ದ ನಗು ನಕ್ಕರು. ನಾನೂ ನಕ್ಕೆ, ಸೀಸೆ ಕೆಟ್ಟಿದ್ದರೆ ನನ್ನ ಮಾನ ಅರ್ಧವಾದರೂ ಉಳಿಯುತ್ತದಲ್ಲ ಎಂದು. ಅಟ್ಟದ ಮೇಲೆ ಮುಚ್ಚಳ ಒಡೆಯದ ಇನ್ನೊಂದು ಸೀಸೆಯಿತ್ತು. ಅದರಿಂದ ಎರಡು ಪಟ್ಟಿ ತೆಗೆದೆವು. ಒಂದನ್ನು ನಾನು ಬಳಸಿದೆ, ತೆಳುಗುಲಾಬಿಯೇ ಬಂತು. ಇನ್ನೊಂದನ್ನು ಅವರು ಬಳಸಿದರು, ಮತ್ತೆ ಅದೇ ಕಡುನೇರಳೆ. ಆಗಲೂ ನನಗೆ ಹೊಳೆದದ್ದು ಅಸೂಯೆಯೇ ಹೊರತು ಬೇರೇನಲ್ಲ, ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ವಸಂತಿ ಮಾತ್ರ ಪಟ್ಟಿಯನ್ನು ನೋಡುತ್ತಿರಲಿಲ್ಲ, ಅವರ ಜಾರಿದ ಅಂಗಿಯನ್ನೂ ಮೇಜಿನ ಮೇಲಿನ ಖಾಲಿ ಲೋಟಗಳನ್ನೂ ನೋಡುತ್ತಿದ್ದಳು. ಮೆಟ್ಟಿಲ ಬಳಿ ನಿಂತಿದ್ದ ನಾಗಕ್ಕನನ್ನು, ಅಣ್ಣ ಮನೆಯಲ್ಲೂ ಹೀಗೇ ನೀರು ಕುಡಿಯುತ್ತಾರಾ ಎಂದು ಕೇಳಿದಳು.

“ದಿನಕ್ಕೊಂದು ಕೊಡ ತಣ್ಣಿ ಬೇಕು ಅಮ್ಮಿಣಿ,” ಎಂದರು ನಾಗಕ್ಕ. “ಕೇಳಿದ್ರೆ ಪಟ್ಟರೆ ಬಿಸಿ ಅಂತಾರೆ. ಷರ್ಟೆಲ್ಲಾ ಎರಡು ಸಲ ಹಿಡಿದು ಹೊಲ್ದೆ. ಬಾಳೆಹಣ್ಣು ಮುಟ್ಟಿ ಒಂದು ತಿಂಗಳಾಯ್ತು, ಬಾಯಿ ಕಹಿ ಅಂತಾರೆ.”

ಬಾಳೆಹಣ್ಣು ಮುಟ್ಟಿ ಒಂದು ತಿಂಗಳು. ಹಾಗಾದರೆ ಆ ವಾಸನೆ ಎಲ್ಲಿಯದು ಎಂದು ನಾನು ಅನ್ನುವಷ್ಟರಲ್ಲಿ ವಸಂತಿ ಒಳಗಿನಿಂದ ನನ್ನ ಹನ್ನೊಂದು ಪುಟಗಳನ್ನು ತಂದಿದ್ದಳು. ನಾನು ಓದದೆ ಬಿಟ್ಟಿದ್ದ ಕೊನೆಯ ಪುಟವನ್ನು ಅವಳು ನಿಂತಲ್ಲೇ ಓದಿ ಹೇಳಿದಳು. ಪಥ್ಯವಿಲ್ಲದವನ ಮೂತ್ರದಲ್ಲಿ ಈ ಬಣ್ಣ ಕಂಡರೆ, ಜೊತೆಗೆ ಬಾಯಾರಿಕೆ, ಕೃಶತೆ, ಉಸಿರಲ್ಲಿ ಹಣ್ಣಿನ ವಾಸನೆ ಇದ್ದರೆ, ಅದು ಸಕ್ಕರೆಕಾಯಿಲೆ ವಿಷವಾಗುತ್ತಿರುವ ಲಕ್ಷಣ. ತಡಮಾಡದೆ ಆಸ್ಪತ್ರೆಗೆ ಹೋಗಿ ಎಂದಿತ್ತು. ನಾನು ಆಟೋ ಕರೆಯಲು ಬೀದಿಗೆ ಓಡಿದೆ. ಡಾಕ್ಟರು ಹೇಳಿದ ಗೋಡೆಯ ಮೇಲೆ ನಾನು ಎರಡು ತಿಂಗಳು ಸರ್ಕಸ್ಸು ಮಾಡುತ್ತಿದ್ದಾಗ, ಅದೇ ಗೋಡೆಯಾಚೆ ಈ ಮನುಷ್ಯರು ಸದ್ದಿಲ್ಲದೆ ಬಿದ್ದಿದ್ದರು.

ಆಟೋದಲ್ಲಿ ನಾಗಕ್ಕನಿಗೂ ನನಗೂ ನಡುವೆ ಕೂತ ಸೌಡಪ್ಪಣ್ಣ ಒಂದೇ ಪ್ರಶ್ನೆ ಕೇಳಿದರು. “ಸಾರು, ನಂದು ಕೊನೇ ಶೇಡೇ ಅಲ್ವಾ?” ಹೌದೆಂದೆ. ಅದಕ್ಕಿಂತ ಮೇಲೆ ಸೀಸೆಯಲ್ಲಿ ಬಣ್ಣವಿಲ್ಲ ಎಂಬುದನ್ನು ಅವರು ತಾವೇ ಗಮನಿಸಿದ್ದರು. ಆಮೇಲೆ ಆಸ್ಪತ್ರೆ ಬರುವವರೆಗೆ ಕಣ್ಣು ಮುಚ್ಚಿಕೊಂಡಿದ್ದರು, ನಾನು ಅವರ ಕೈ ಹಿಡಿದುಕೊಂಡಿದ್ದೆ, ಅದೇ ಹೆಬ್ಬೆರಳಿನ ಕೈ.

ರಕ್ತ ನೋಡಿದ ಲೇಡಿ ಡಾಕ್ಟರು ಅವರನ್ನು ನೇರವಾಗಿ ಒಳಗೆ ಕರೆದುಕೊಂಡರು. ಇನ್ನೆರಡು ದಿನ ಬಿಟ್ಟಿದ್ದರೆ ಪ್ರಜ್ಞೆಯಿಲ್ಲದೆ ಬರುತ್ತಿದ್ದರು, ಬಂದರೂ ಏನಾಗುತ್ತಿತ್ತೋ ಹೇಳಲಾರೆ ಎಂದು ಸಂಜೆ ಹೊರಗೆ ಬಂದು ಹೇಳಿದರು. ಅಂಗಿ ಹಿಡಿದು ಹೊಲಿದ ನಾಗಕ್ಕ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತರು. ಇನ್ನೊಂದು ಆಟೋದಲ್ಲಿ ಹಿಂದೆಯೇ ಬಂದಿದ್ದ ವಸಂತಿ ಅವರನ್ನು ತಬ್ಬಿಕೊಂಡಳು. ನಾನು ಆಸ್ಪತ್ರೆಯ ಅಂಗಳದಲ್ಲಿ ಅತ್ತಿಂದಿತ್ತ ನಡೆದೆ, ಭಯವೂ ಬದುಕಿಕೊಂಡರೆಂಬ ಹಿಗ್ಗೂ ಒಟ್ಟಿಗೆ ಬಂದಾಗ ಕೂರಲು ಆಗುವುದಿಲ್ಲ. ಐದು ದಿನ ಡ್ರಿಪ್ಪು, ಇನ್ಸುಲಿನ್ನು. ಆರನೆಯ ದಿನ ಸೌಡಪ್ಪಣ್ಣ ತಾವೇ ನಡೆದು ಮನೆಗೆ ಬಂದರು.

ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅದೇ ಬಣ್ಣ ನನ್ನಲ್ಲಿ ಕಂಡರೆ ಸಾಧನೆ, ಅವರಲ್ಲಿ ಕಂಡರೆ ಆಪತ್ತು. ನನ್ನ ದೇಹಕ್ಕೆ ನಾನು ಅನ್ನ ಕೊಡದೆ ಉಪವಾಸ ಕೆಡವಲು ಹೆಣಗುತ್ತಿದ್ದೆ. ಅವರ ದೇಹ ಮೂರು ಹೊತ್ತು ಅನ್ನದ ನಡುವೆಯೂ ಉಪವಾಸವಿತ್ತು, ಉಂಡದ್ದು ಒಳಗೆ ಸೇರುತ್ತಿರಲಿಲ್ಲ. ಬಣ್ಣಕ್ಕೆ ಸ್ವತಃ ಶುಭಾಶುಭಗಳಿಲ್ಲ, ಅದು ಯಾರದೆಂದು ಕೇಳಿಕೊಳ್ಳದೆ ಹರ್ಷಪಡಬಾರದು. ಇನ್ನೊಂದು ಮಾತೂ ಇದೆ. ಆ ಭಾನುವಾರ ಅವರ ಪಟ್ಟಿಗೆ ವಸಂತಿ ಗಡಿಯಾರ ಹಿಡಿಯದೆ, ನಾವು ಎಂದಿನಂತೆ ಅದನ್ನೂ ಕ್ಲಿಪ್ಪಿಗೆ ಹಾಕಿದ್ದರೆ, ಒಣಗಿದರೆ ಎಲ್ಲರದೂ ಕಪ್ಪಾಗುತ್ತದೆ ಬಿಡಿ ಎಂದು ಇಬ್ಬರೂ ನಗುತ್ತಿದ್ದೆವು, ಅವರು ಸೋಮವಾರದ ಬಸ್ಸು ಹತ್ತಿಬಿಡುತ್ತಿದ್ದರು.

ಮುರುಕು ಬಿಟ್ಟ ಮೇಲೆ ನನ್ನ ಸಕ್ಕರೆ ಗೋಡೆಯ ಸರಿಯಾದ ಕಡೆಗೇ ಇಳಿಯಿತು, ಬೆಲ್ಟು ಎರಡು ತೂತು ಒಳಗೆ ಸರಿಯಿತು. ಆದರೆ ಉತ್ತರದ ಕಿಟಕಿಯ ಕ್ಲಿಪ್ಪಿಗೆ ನಾನು ನಿವೃತ್ತಿ ಕೊಡಲಿಲ್ಲ, ಅದು ಸೌಡಪ್ಪಣ್ಣನ ಪಾಲಾಯಿತು. ಕೆಲವು ತಿಂಗಳು ಬೆಳಿಗ್ಗೆ ಪಟ್ಟಿ ನೋಡಿಕೊಳ್ಳಿ ಎಂದು ಡಾಕ್ಟರು ಅವರಿಗೆ ಹೇಳಿದ್ದರು. ಆ ಬೆಳಗುಗಳು ಇನ್ನೂ ಕಣ್ಣ ಮುಂದಿವೆ: ದಿನವೂ ಆರು ಗಂಟೆಗೆ ಮೆಟ್ಟಿಲು ಹತ್ತಿ ಬರುತ್ತಾರೆ, ಏದುಸಿರಿಲ್ಲ. ವಸಂತಿ ಹದಿನೈದರವರೆಗೆ ಎಣಿಸುತ್ತಾಳೆ. ಬಾದಾಮಿ ಹಾಲಿನ ಚೌಕ ಬಾದಾಮಿ ಹಾಲಾಗಿಯೇ ಉಳಿದರೆ ನಾನು ತಲೆಯಾಡಿಸುತ್ತೇನೆ. ಅವರಿಗೆ ಅಷ್ಟು ಸಾಲದು. ಗುಲಾಬಿಯ ಸಂಶಯವೂ ಇಲ್ಲದ ಚೌಕ ಒಣಗಿದರೂ ಕಪ್ಪಾಗುವುದಿಲ್ಲ ಎಂಬುದನ್ನು ಅವರು ಕಂಡುಕೊಂಡಿದ್ದಾರೆ. ಕಸುಬಿನ ಮೇಲಿನ ಗೌರವಕ್ಕಾಗಿ ಪಟ್ಟಿಯನ್ನು ಹಸಿರು ಕ್ಲಿಪ್ಪಿಗೆ ಸಿಕ್ಕಿಸಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಪೂರ್ತಿ ಕಾಲು ಗಂಟೆ ಅದರ ಮುಂದೆ ನಿಲ್ಲುತ್ತಾರೆ. ಮೂವತ್ತು ವರ್ಷ ಬಟ್ಟೆ ಬಣ್ಣ ಹಿಡಿಯಲೆಂದು ಕಾದ ಮನುಷ್ಯರು, ಬಣ್ಣ ಹಿಡಿಯದಿರಲೆಂದು ಕಾಯುತ್ತಾರೆ. ಆಮೇಲೆ ನನ್ನತ್ತ ತಿರುಗಿ, ದೊಡ್ಡ ಆರ್ಡರು ಪಾಸಾದವರ ಗತ್ತಿನಲ್ಲಿ ಮೆಲ್ಲನೆ ಹೇಳುತ್ತಾರೆ:

“ಸಾರು, ಕಾಯ್ದ ಮೇಲೂ ನೋಡಿದೆ. ಇವತ್ತೂ ಸಾಯ ಹಿಡೀಲಿಲ್ಲಿಂಗ.”